ದಾಸನ ಹಲ್ಲು

ಧ್ಯಾನಕ್ಕೆ ವೇದಭಾಗ: ವಿಮೋಚನಕಾಂಡ 21:26, 27; ವಿಮೋಚನಕಾಂಡ 18:13-26; ಅರಣ್ಯಕಾಂಡ 11:24-29



ಸೀನಾಯಿ ಬೆಟ್ಟದ ಮೇಲೆ ದೇವರು ಮೋಶೆಗೆ ಹತ್ತು ಆಜ್ಞೆಗಳನ್ನು ಕೊಟ್ಟನೆಂಬದನ್ನು ನಮ್ಮ ಆದಿತ್ಯವಾರದ ಶಾಲೆಯ ಚಿಕ್ಕ ಮಕ್ಕಳೂ ಬಲ್ಲರು. ಆದರೆ ಆ ಗುಡುಗು ಮಿಂಚುಗಳೊಳಗಿಂದ ಮಾತಾಡಿದ ದೇವರೇ ಮುಂದಿನ ಅಧ್ಯಾಯಗಳಲ್ಲಿ ಹಾಯುವ ಎತ್ತಿನ ವಿಷಯವಾಗಿಯೂ, ಮುಚ್ಚದೆ ಬಿಟ್ಟ ಗುಂಡಿಯ ವಿಷಯವಾಗಿಯೂ, ಬಡವನು ಒತ್ತೆಯಿಟ್ಟ ಹೊದಿಕೆಯ ವಿಷಯವಾಗಿಯೂ ಅಪ್ಪಣೆ ಕೊಟ್ಟಿದ್ದಾನೆ. ಇವುಗಳನ್ನು ನಮ್ಮಲ್ಲಿ ದೊಡ್ಡವರೂ ಬೇಗನೆ ಓದಿ ದಾಟಿಹೋಗುವದುಂಟು. ಈ ಅಪ್ಪಣೆಗಳ ನಡುವೆ, 21ನೆಯ ಅಧ್ಯಾಯದ 27ನೆಯ ವಚನದಲ್ಲಿ, ಒಂದು ಹಲ್ಲಿನ ಮಾತು ಬಂದಿದೆ. ಯಜಮಾನನು ತನ್ನ ಆಳನ್ನು, ಗಂಡಾಗಲಿ ಹೆಣ್ಣಾಗಲಿ, ಹೊಡೆದದ್ದರಿಂದ ಒಂದು ಹಲ್ಲು ಉದುರಿಹೋದರೆ, ಆ ಒಂದು ಹಲ್ಲಿಗೆ ಈಡಾಗಿ ಆ ಆಳಿಗೆ ಬಿಡುಗಡೆಯಾಗಬೇಕೆಂಬದು ಅಲ್ಲಿಯ ವಿಧಿ.

ಇದು ಎಷ್ಟು ಹೊಸದಾದ ಮಾತೆಂದು ತಿಳಿಯಬೇಕಾದರೆ ಆ ಪ್ರಾಚೀನ ಕಾಲದ ಅರಸರ ಕಟ್ಟಳೆಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಬಾಬೆಲಿನ ಅರಸನಾದ ಹಮ್ಮುರಾಬಿಯ ಕಟ್ಟಳೆಗಳನ್ನು ಕೆತ್ತಿದ ಕಪ್ಪು ಕಲ್ಲೊಂದು, ಎಸ್ತೇರಳು ರಾಣಿಯಾಗಿದ್ದ ಶೂಷನ್ ಪಟ್ಟಣದ ಹಾಳುದಿಬ್ಬಗಳಲ್ಲಿ 1901-02ರಲ್ಲಿ ದೊರೆಯಿತು. ಅದು ಈಗ ಪ್ಯಾರಿಸ್ ಪಟ್ಟಣದ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ಪ್ರಕಾರ ತನಗೆ ಸಮಾನನಾದವನ ಹಲ್ಲನ್ನು ಮುರಿದವನು ತನ್ನ ಹಲ್ಲನ್ನೇ ತೆರಬೇಕು. ಕೆಳಗಿನ ಅಂತಸ್ತಿನವನ ಹಲ್ಲನ್ನು ಮುರಿದರೆ ಅಷ್ಟು ಇಷ್ಟು ಬೆಳ್ಳಿ ತೂಗಿಕೊಟ್ಟರೆ ಸಾಕು. ದಾಸನ ಕಣ್ಣಾಗಲಿ ಎಲುಬಾಗಲಿ ಹೋದರೆ ಅವನ ಕ್ರಯದ ಅರ್ಧವನ್ನು ಕೊಡಬೇಕು. ದಾಸನ ಹಲ್ಲಿನ ಮಾತೇ ಅಲ್ಲಿಲ್ಲ. ಹಮ್ಮುರಾಬಿಯ ಕಲ್ಲು ಲೆಕ್ಕಕ್ಕೆ ಹಿಡಿಯದ ಹಲ್ಲನ್ನು ಇಸ್ರಾಯೇಲಿನ ದೇವರು ಲೆಕ್ಕಕ್ಕೆ ಹಿಡಿದನು. ಹಿಡಿದು, ಅದರ ಬೆಲೆಯನ್ನು ಬೆಳ್ಳಿಯಲ್ಲಿ ಹೇಳದೆ ಬಿಡುಗಡೆಯಲ್ಲಿ ಹೇಳಿದನು. (ಹಾಗಾದರೆ ದಾಸತ್ವವನ್ನೇ ಯಾಕೆ ಆಗಲೇ ತೆಗೆದುಹಾಕಲಿಲ್ಲವೆಂದು ಕೇಳುವವರು ಉಂಟು. ಅದು ಕೇಳತಕ್ಕ ಪ್ರಶ್ನೆಯೇ; ಅದಕ್ಕೆ ಬೇರೊಂದು ತಿಂಗಳು ಬೇಕು.)

ನಮ್ಮ ಸಭೆಗಳಲ್ಲಿ ಜೀತದಾಳುಗಳ ಮಕ್ಕಳೂ ಮೊಮ್ಮಕ್ಕಳೂ ಅನೇಕರಿದ್ದಾರೆ. ಜೀತವನ್ನು ನಮ್ಮ ದೇಶದ 1976ರ ಕಾಯಿದೆಯು ತೆಗೆದುಹಾಕಿತು. ಈಗ ಒಡೆಯನು ಆಳಿನ ದವಡೆಗೆ ಹೊಡೆದರೆ ಪೊಲೀಸು ಠಾಣೆ ಉಂಟು, ನ್ಯಾಯಸ್ಥಾನ ಉಂಟು. ಆದರೆ ಹೊಡೆಯುವ ಕೈ ಇಲ್ಲದೆಯೇ ಬಡವನ ಹಲ್ಲು ಹೋಗುತ್ತಿದೆ. ಹುಳುಕು ಹಿಡಿದು, ತಿಂಗಳುಗಟ್ಟಲೆ ನೋಯ್ದು, ಬಾತು, ಕೀವು ತುಂಬಿ ಹೋಗುತ್ತಿದೆ. ಯಾಕಂದರೆ ನೋಡತಕ್ಕವರು ಅವನ ಕೈಗೆ ಎಟಕುವಷ್ಟು ಹತ್ತಿರದಲ್ಲಿಲ್ಲ. ಹೊಡೆದು ಉದುರಿಸಿದ ಹಲ್ಲನ್ನು ಎಣಿಸುವ ದೇವರು ಹೀಗೆ ಹೋದ ಹಲ್ಲನ್ನು ಎಣಿಸುವದಿಲ್ಲವೋ? ಈ ಒಂದು ಮಾತನ್ನೇ ಇಂದು ನಿಮ್ಮ ಸಂಗಡ ವಿಚಾರಿಸಬೇಕೆಂದಿದ್ದೇವೆ.

ಹಲ್ಲುನೋವಿಗೆ ಯಾರಾದರೂ ಸತ್ತಾರೆಯೇ ಎಂದು ನಮ್ಮಲ್ಲಿ ಹೇಳುವದು ವಾಡಿಕೆ. ಆದಕಾರಣ ಹಲ್ಲು ನೋಯುವವನು ಮೊದಲು ಲವಂಗವನ್ನು ಕಚ್ಚುತ್ತಾನೆ. ಅದಕ್ಕೆ ಬಗ್ಗದಿದ್ದರೆ ಹೊಗೆಸೊಪ್ಪನ್ನು ಒತ್ತಿಡುತ್ತಾನೆ. ಅನಂತರ ಅಂಗಡಿಯಲ್ಲಿ ನೋವಿನ ಗುಳಿಗೆ. ಹಲ್ಲಿನೊಳಗಿನ ಹುಳವನ್ನು ತೆಗೆದು ತೋರಿಸುತ್ತೇವೆಂದು ಸಂತೆಯಲ್ಲಿ ಕೂಡ್ರುವವರ ಬಳಿಗೆ ಹೋಗಿ ದುಡ್ಡು ಕಳಕೊಂಡವರೂ ಉಂಟು. ಹಲ್ಲಿನಲ್ಲಿ ಅಂಥ ಹುಳವು ಇರುವದೇ ಇಲ್ಲ. ಸಿಹಿಯು ಹಲ್ಲಿನ ಸಂದುಗಳಲ್ಲಿ ನಿಂತಾಗ ಬಾಯೊಳಗಿನ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅದನ್ನು ಹುಳಿ ಮಾಡುತ್ತವೆ. ಆ ಹುಳಿಯೇ ಹಲ್ಲಿನ ಮೇಲಣ ಗಟ್ಟಿ ಪದರನ್ನು ದಿನದಿನಕ್ಕೆ ಕರಗಿಸಿ ತೂತು ಮಾಡುತ್ತದೆ. ತೂತು ಸಣ್ಣದಿರುವಾಗ ನೋವಿಲ್ಲ, ಸುಲಭವಾಗಿ ತುಂಬಬಹುದು. ನೋವು ಬರುವಷ್ಟರಲ್ಲಿ ಅದು ಒಳಗಿನ ಜೀವನಾಡಿಯನ್ನು ಮುಟ್ಟಿರುತ್ತದೆ. ಬಡವನು ನೋವು ಬಂದ ಮೇಲೆಯೇ ವೈದ್ಯರನ್ನು ಹುಡುಕುವನಾದ್ದರಿಂದ ಅವನ ಪಾಲಿಗೆ ಯಾವಾಗಲೂ ಇಕ್ಕಳವೇ ಉಳಿಯುತ್ತದೆ.

ಸಾಯುವದಿಲ್ಲವೆಂಬ ಮಾತಾದರೂ ನಿಜವೋ? ಅಮೇರಿಕದ ಮೇರಿಲ್ಯಾಂಡ್ ಸೀಮೆಯಲ್ಲಿ, ಆ ದೇಶದ ರಾಜಧಾನಿಗೆ ಸಮೀಪದಲ್ಲಿಯೇ, 2007ರಲ್ಲಿ ಹನ್ನೆರಡು ವರ್ಷದ ಬಡ ಹುಡುಗನೊಬ್ಬನು ಸತ್ತನು. ಒಂದು ಹಲ್ಲಿನ ಕೀವು ಮೆದುಳಿಗೆ ಏರಿತ್ತು. ಎಂಬತ್ತು ಡಾಲರಿನಲ್ಲಿ ಕೀಳಬಹುದಾಗಿದ್ದ ಹಲ್ಲು ಅದು. ಅಲ್ಲಿ ದಂತವೈದ್ಯರಿಗೆ ಕೊರತೆಯಿರಲಿಲ್ಲ. ಬಡವರ ಮಕ್ಕಳನ್ನು ನೋಡುವ ದಂತವೈದ್ಯರಿಗೆ ಕೊರತೆಯಿತ್ತು. ಕಡಲೆ ಇದ್ದಲ್ಲಿ ಹಲ್ಲಿಲ್ಲ, ಹಲ್ಲಿದ್ದಲ್ಲಿ ಕಡಲೆಯಿಲ್ಲವೆಂಬ ಗಾದೆಯನ್ನು ಇಲ್ಲಿ ತಿರುಗಿಸಿ ಹೇಳಬೇಕು: ವೈದ್ಯರಿದ್ದಲ್ಲಿ ನೋವು ಕಡಿಮೆ, ನೋವಿದ್ದಲ್ಲಿ ವೈದ್ಯರಿಲ್ಲ.

ಈ ಕೊರತೆಯನ್ನು ತೀರಿಸಲು ಅದೇ ಅಮೇರಿಕದ ಇನ್ನೊಂದು ಮೂಲೆಯಲ್ಲಿ ಒಂದು ಪ್ರಯತ್ನ ನಡೆಯಿತು. ಅದು ನಡೆದದ್ದು ನಮ್ಮಂಥ ಹಳ್ಳಿಯ ಸಭೆಗಳಿರುವ ಸ್ಥಳದಲ್ಲಿ. ಅದಕ್ಕಾಗಿಯೇ ಆ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇವೆ.

ಅಲಾಸ್ಕವೆಂಬದು ಉತ್ತರ ಅಮೇರಿಕದ ವಾಯವ್ಯದಲ್ಲಿರುವ ಹಿಮದ ಸೀಮೆ. 1867ರಲ್ಲಿ ಅಮೇರಿಕದವರು ಅದನ್ನು ರಷ್ಯದವರಿಂದ ಕ್ರಯಕ್ಕೆ ಕೊಂಡರು. ನಮ್ಮ ಕರ್ನಾಟಕದಂಥ ಸೀಮೆಗಳು ಎಂಟಾದರೂ ಅದರೊಳಗೆ ಅಡಗುವವು. ಜನರಾದರೋ ಏಳೆಂಟು ಲಕ್ಷ ಮಾತ್ರ. ಅದರ ಪಶ್ಚಿಮದಲ್ಲಿ ಯೂಕಾನ್, ಕಸ್ಕೊಕ್ವಿಮ್ ಎಂಬ ಎರಡು ಮಹಾನದಿಗಳು ಸಮುದ್ರವನ್ನು ಸೇರುವ ತಗ್ಗುಭೂಮಿಯಲ್ಲಿ ಯೂಪಿಕ್ ಎಂಬ ಮೂಲನಿವಾಸಿಗಳ ಹತ್ತಾರು ಹಳ್ಳಿಗಳಿವೆ. ಈ ಹಳ್ಳಿಗಳಿಂದ ಪಟ್ಟಣಕ್ಕೆ ರಸ್ತೆಯಿಲ್ಲ. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ಓಡುವ ಹಿಮದ ಬಂಡಿ, ಇಲ್ಲವೆ ನಾಲ್ಕಾರು ಮಂದಿ ಕೂಡ್ರುವ ಸಣ್ಣ ವಿಮಾನ. ಬಿರುಗಾಳಿಯೆದ್ದರೆ ಅದೂ ಇಲ್ಲ.

1885ರಲ್ಲಿ ಮೊರೇವಿಯನ್ ಸಭೆಯ ಮಿಶನರಿಗಳು ಕಸ್ಕೊಕ್ವಿಮ್ ನದಿಯ ದಡದಲ್ಲಿ ನೆಲಸಿ, ಯಾಕೋಬನ ಕನಸನ್ನು ನೆನಪಿಗೆ ತರುವ ಬೇತೇಲೆಂಬ ಹೆಸರನ್ನು ಆ ಸ್ಥಳಕ್ಕಿಟ್ಟರು. ಈ ಮೊರೇವಿಯನರೇ 1732ರಲ್ಲಿ ವೆಸ್ಟ್ ಇಂಡೀಸಿನ ಸೇಂಟ್ ಥಾಮಸ್ ದ್ವೀಪದ ಗುಲಾಮರ ಬಳಿಗೆ ಸುವಾರ್ತೆಯನ್ನು ತೆಗೆದುಕೊಂಡು ಹೋದವರು; ಮುಂದೆ ಅಲ್ಲಿ ತಾವೇ ಗುಲಾಮರನ್ನು ಇಟ್ಟುಕೊಂಡರೆಂಬದೂ ಚರಿತ್ರೆಯಲ್ಲಿದೆ, ಅದನ್ನು ಮುಚ್ಚಿಡಬಾರದು. ಬೇತೇಲಿಗೆ ಬಂದವರಲ್ಲಿ ಒಬ್ಬರಾದ ಜಾನ್ ಕಿಲ್ಬಕ್ ಎಂಬವರು ತಾವೇ ಅಮೇರಿಕದ ಮೂಲನಿವಾಸಿಗಳಾದ ಲೆನಾಪೆ ಕುಲದವರಾಗಿದ್ದರು. ಹಳ್ಳಿ ಹಳ್ಳಿಗೂ ಪಾದ್ರಿಗಳನ್ನು ಕಳುಹಿಸುವದು ಅಸಾಧ್ಯವಾದ್ದರಿಂದ, ಆ ಜನರೊಳಗಿಂದಲೇ ಸಹಾಯಕರೆಂಬವರನ್ನು ಆರಿಸಿ, ಕಲಿಸಿ, ಅವರವರ ಹಳ್ಳಿಗೆ ಕಳುಹಿಸಿದರು. ಅವರಲ್ಲಿ ಉಯಾಕುಕ್ ಎಂಬವನ ಹೆಸರನ್ನು ನಮ್ಮ ಓದುಗರು ತಿಳಿಯತಕ್ಕದ್ದು. ಅವನು ಮಂತ್ರವಾದಿಯ ಮಗನು, ಓದುಬರಹವನ್ನು ಅರಿಯದವನು. ದೇವರ ವಾಕ್ಯವನ್ನು ಮರೆಯದೆ ಇಟ್ಟುಕೊಳ್ಳುವದಕ್ಕೋಸ್ಕರ 1900ರ ಸುಮಾರಿಗೆ ಅವನು ತನ್ನ ಭಾಷೆಗೆ ತಾನೇ ಒಂದು ಲಿಪಿಯನ್ನು ಕಟ್ಟಿಕೊಂಡನು. ನಮ್ಮ ಸೀಮೆಯಲ್ಲಿ ಉಪದೇಶಿಯೆಂದು ಯಾರನ್ನು ಕರೆಯುತ್ತೇವೋ, ಅಲ್ಲಿ ಸಹಾಯಕನೆಂದರೆ ಅವನೇ.

ಈಗ ಆ ಜನರ ಹಲ್ಲಿನ ಮಾತು. ಮೀನು, ಕಡಲುಪ್ರಾಣಿಗಳ ಮಾಂಸ, ಕಾಡುಹಣ್ಣುಗಳು ಇವು ಅವರ ಪೂರ್ವಿಕರ ಆಹಾರ; ಸಕ್ಕರೆಯನ್ನು ಅವರು ಕಂಡವರಲ್ಲ. 1933ರಲ್ಲಿ ವೆಸ್ಟನ್ ಪ್ರೈಸ್ ಎಂಬ ಅಮೇರಿಕದ ದಂತವೈದ್ಯರು ಆ ಸೀಮೆಯಲ್ಲಿ ಸಂಚರಿಸಿ, ಹಳೆಯ ಆಹಾರದಲ್ಲಿಯೇ ಇದ್ದವರ ಬಾಯಲ್ಲಿ ಹುಳುಕು ಬಹು ಅಪರೂಪವೆಂದೂ, ಅಂಗಡಿಯ ಹಿಟ್ಟು ಸಕ್ಕರೆಗಳನ್ನು ಹಿಡಿದವರ ಬಾಯಲ್ಲಿ ಅದು ಬಹಳವೆಂದೂ ಎಣಿಸಿ ಬರೆದರು. (ಆ ವೈದ್ಯರ ಬೇರೆ ಅನೇಕ ಅಭಿಪ್ರಾಯಗಳನ್ನು ತರುವಾಯದವರು ಒಪ್ಪಲಿಲ್ಲ, ಸಕ್ಕರೆ ಹಲ್ಲನ್ನು ಕೆಡಿಸುವದೆಂಬದರಲ್ಲಿ ಮಾತ್ರ ಯಾರಿಗೂ ಸಂದೇಹವಿಲ್ಲ.) ಮುಂದೆ ವಿಮಾನಗಳು ಹಿಟ್ಟನ್ನು ತಂದಂತೆಯೇ ಡಬ್ಬಿಗಳಲ್ಲಿ ತುಂಬಿದ ಸಿಹಿ ಸೋಡಾವನ್ನೂ ತಂದವು. ಅನೇಕ ಹಳ್ಳಿಗಳಲ್ಲಿ ಮನೆಗೆ ನಲ್ಲಿಯ ನೀರಿಲ್ಲ, ಸೋಡಾ ಉಂಟು. 2008ರಲ್ಲಿ ಆ ನದೀಸೀಮೆಯ ಕೆಲವು ಹಳ್ಳಿಗಳ ಮಕ್ಕಳನ್ನು ಸರ್ಕಾರದವರು ಪರೀಕ್ಷಿಸಿದಾಗ, ನಾಲ್ಕೈದು ವರ್ಷದ ಮಕ್ಕಳಲ್ಲಿ ನೂರಕ್ಕೆ 87 ಮಂದಿಗೆ ಹುಳುಕು ಹಲ್ಲುಗಳಿದ್ದವು. ದೇಶದ ಉಳಿದ ಮಕ್ಕಳಲ್ಲಿ ಇದು ನೂರಕ್ಕೆ 35ರ ಸುಮಾರು.

ದಂತವೈದ್ಯರು ಅಲ್ಲಿಗೆ ಬರುತ್ತಲೇ ಇರಲಿಲ್ಲವೆಂದಲ್ಲ. ವರ್ಷಕ್ಕೆ ಒಂದೆರಡು ಸಾರಿ ವಿಮಾನದಲ್ಲಿ ಬಂದು, ಶಾಲೆಯ ಕೋಣೆಯಲ್ಲೋ ದವಾಖಾನೆಯಲ್ಲೋ ಕೆಲವು ದಿನ ಕೂತು, ಸಾಲಾಗಿ ನಿಂತವರ ಹಲ್ಲುಗಳನ್ನು ಕಿತ್ತು ಹೋಗುತ್ತಿದ್ದರು. ಅವರನ್ನು ದೂಷಿಸಲಾಗದು, ನಾಲ್ಕು ದಿನಕ್ಕೆ ಬಂದವನು ಮತ್ತೇನು ಮಾಡಬಲ್ಲನು? ಹುಳುಕು ನಾಲ್ಕು ದಿನಕ್ಕೆ ಬರುವದಿಲ್ಲ, ವರ್ಷವೆಲ್ಲಾ ಇರುತ್ತದೆ. ಊರಲ್ಲಿರುವ ರೋಗಕ್ಕೆ ಊರಲ್ಲಿರುವ ವೈದ್ಯನೇ ಬೇಕು. ಪಟ್ಟಣದ ಪರಿಣತರು ಅಲ್ಲಿ ಮನೆ ಮಾಡಿ ನಿಲ್ಲರು. ನಿಲ್ಲುವವರು ಯಾರು? ಅಲ್ಲಿ ಹುಟ್ಟಿದವರು.

ಇಲ್ಲಿ ವಿಮೋಚನಕಾಂಡದ ಹದಿನೆಂಟನೆಯ ಅಧ್ಯಾಯವು ನೆನಪಿಗೆ ಬರುತ್ತದೆ. ಮೋಶೆಯು ಒಬ್ಬನೇ ಕೂತು ಬೆಳಗಿನಿಂದ ಸಾಯಂಕಾಲದ ವರೆಗೆ ನ್ಯಾಯ ತೀರಿಸುತ್ತಿದ್ದನು. ಜನರು ಬಿಸಿಲಲ್ಲಿ ನಿಂತೇ ಇದ್ದರು. ಅವನ ಮಾವನಾದ ಇತ್ರೋವನು ನೋಡಿ, ಇದು ಒಳ್ಳೇದಲ್ಲವೆಂದನು. ಜನರೊಳಗಿಂದಲೇ ತಕ್ಕವರನ್ನು ಆರಿಸಿ, ಕಲಿಸಿ, ಸಾವಿರ ಮಂದಿಗೆ ಒಬ್ಬನನ್ನು, ನೂರು ಮಂದಿಗೆ ಒಬ್ಬನನ್ನು, ಹತ್ತು ಮಂದಿಗೂ ಒಬ್ಬನನ್ನು ಇಡಬೇಕೆಂದೂ, ಸಣ್ಣ ವ್ಯಾಜ್ಯಗಳನ್ನು ಅವರು ತೀರಿಸಿ ಕಠಿಣವಾದವುಗಳನ್ನು ಮಾತ್ರ ಮೋಶೆಯ ಬಳಿಗೆ ತರಬೇಕೆಂದೂ ಬುದ್ಧಿ ಹೇಳಿದನು. ಇತ್ರೋವನು ಇಸ್ರಾಯೇಲ್ಯನಲ್ಲ, ಮಿದ್ಯಾನಿನ ಯಾಜಕನು. ಹೊರಗಿನವನ ಒಳ್ಳೇ ಬುದ್ಧಿಯನ್ನು ಕೇಳುವಷ್ಟು ನಮ್ರತೆ ಮೋಶೆಗೆ ಇತ್ತೆಂಬದನ್ನು ಗಮನಿಸಿರಿ.

ಅಲಾಸ್ಕದಲ್ಲಿ ಈ ಬುದ್ಧಿಯು ಮೊದಲು ಕ್ಷಯರೋಗದ ಕಾಲದಲ್ಲಿ ಫಲಿಸಿತು. 1950ರ ನಂತರದ ವರ್ಷಗಳಲ್ಲಿ ಹಳ್ಳಿಯವರೇ ಕ್ಷಯದ ಮದ್ದನ್ನು ಮನೆಮನೆಗೆ ಹಂಚಿದರು; 1968ರಲ್ಲಿ ಅದು ಹಳ್ಳಿಯ ಆರೋಗ್ಯಸಹಾಯಕರೆಂಬ ಕ್ರಮವಾಗಿ ನಿಂತಿತು. ನಮ್ಮ ಕೇರಿಗಳಲ್ಲಿ ತಿರುಗುವ ಆಶಾ ಕಾರ್ಯಕರ್ತೆಯರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಳಿಕ ಅದೇ ಜನರ ಆರೋಗ್ಯಸಂಸ್ಥೆಯವರು ಹಲ್ಲಿನ ವಿಷಯದಲ್ಲಿಯೂ ಹೀಗೇ ಯಾಕೆ ಮಾಡಬಾರದೆಂದು ಯೋಚಿಸಿದರು. ಅಮೇರಿಕದಲ್ಲಿ ಅಂಥ ವಿದ್ಯೆಯನ್ನು ಕಲಿಸುವ ಶಾಲೆಯಿರಲಿಲ್ಲ. ನ್ಯೂಜಿಲೆಂಡಿನಲ್ಲಿತ್ತು. ಆ ದೇಶದವರು ಮೊದಲನೆಯ ಮಹಾಯುದ್ಧದಲ್ಲಿ ತಮ್ಮ ಯೌವನಸ್ಥರ ಹಲ್ಲುಗಳು ಎಷ್ಟು ಕೆಟ್ಟಿವೆಯೆಂದು ಕಂಡು ನಾಚಿ, 1921ರಲ್ಲಿ ಥಾಮಸ್ ಹಂಟರ್ ಎಂಬ ದಂತವೈದ್ಯರ ಮುಂದಾಳತನದಲ್ಲಿ ಯುವತಿಯರಿಗೆ ಎರಡು ವರ್ಷ ಕಲಿಸಿ, ಶಾಲೆ ಶಾಲೆಗೂ ದಂತದಾದಿಯರನ್ನು ಕಳುಹಿಸಲು ಆರಂಭಿಸಿದ್ದರು. (ಅವರ ಕೈಯಲ್ಲಿದ್ದ ಕಾಲಿನಿಂದ ತುಳಿಯುವ ಕೊರೆಯುವ ಯಂತ್ರಕ್ಕೆ ಹೆದರಿ ಮಕ್ಕಳು ಆ ಕೋಣೆಗೆ ಕೊಲೆಯ ಮನೆಯೆಂದು ಹೆಸರಿಟ್ಟರಂತೆ. ಮಕ್ಕಳು ಎಲ್ಲಾ ದೇಶಗಳಲ್ಲಿಯೂ ಮಕ್ಕಳೇ.) 2003ರಲ್ಲಿ ಅಲಾಸ್ಕದ ಹಳ್ಳಿಗಳಿಂದ ಆರು ಮಂದಿ ಭೂಮಿಯ ಈ ತುದಿಯಿಂದ ಆ ತುದಿಗೆ, ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯಕ್ಕೆ, ಹೊರಟರು. ಎರಡು ವರ್ಷ ಕಲಿತು 2005ರಲ್ಲಿ ತಮ್ಮ ಸೀಮೆಯಲ್ಲಿ ಕೆಲಸಕ್ಕೆ ನಿಂತರು.

ಇವರನ್ನು ದಂತಸಹಾಯಕರೆಂದು ಕರೆಯೋಣ. ಇವರ ಕೆಲಸವೇನಂದರೆ ಮಕ್ಕಳಿಗೆ ಹಲ್ಲುಜ್ಜುವದನ್ನು ಕಲಿಸುವದು, ಹಲ್ಲನ್ನು ಶುಚಿಮಾಡಿ ಫ್ಲೋರೈಡೆಂಬ ಮದ್ದನ್ನು ಹಚ್ಚುವದು, ಸಣ್ಣ ತೂತುಗಳನ್ನು ತುಂಬುವದು, ಉಳಿಸಲಾಗದ ಹಲ್ಲನ್ನು ಮರಗಟ್ಟಿಸಿ ಕೀಳುವದು. ತೊಡಕಾದ ಹಲ್ಲನ್ನು ಮುಟ್ಟುವ ಹಕ್ಕು ಇವರಿಗಿಲ್ಲ. ಬೇತೇಲಿನಂಥ ದೊಡ್ಡ ಊರಿನ ದಂತವೈದ್ಯರೊಬ್ಬರ ಕೈಕೆಳಗೆ ಇವರ ಕೆಲಸ. ಸಂದೇಹ ಬಂದರೆ ದೂರವಾಣಿಯಿಂದ ಅವರನ್ನು ಕೇಳಬೇಕು, ಕಠಿಣವಾದದ್ದನ್ನು ಅವರ ಬಳಿಗೆ ಕಳುಹಿಸಬೇಕು. ಎರಡೆರಡು ವರ್ಷಕ್ಕೊಮ್ಮೆ ಇವರ ಕೈಗೆಲಸವನ್ನು ಪುನಃ ಪರೀಕ್ಷಿಸಿ ಅಪ್ಪಣೆಯನ್ನು ಹೊಸದು ಮಾಡುತ್ತಾರೆ. ಇತ್ರೋವನ ಮಾತು ಇದಕ್ಕಿಂತ ಹೆಚ್ಚಾಗಿ ಏನು ಹೇಳುತ್ತದೆ?

ಆದರೆ ಇದು ಸಮಾಧಾನವಾಗಿ ನಡೆಯಲಿಲ್ಲ. 2006ರ ಆರಂಭದಲ್ಲಿ ಅಮೇರಿಕದ ದಂತವೈದ್ಯರ ಸಂಘವೂ ಅಲಾಸ್ಕದ ದಂತವೈದ್ಯರ ಸಂಘವೂ ಕೂಡಿ ನ್ಯಾಯಸ್ಥಾನಕ್ಕೆ ಹೋದವು. ಆರೋಗ್ಯಸಂಸ್ಥೆಯನ್ನು ಮಾತ್ರವಲ್ಲದೆ ಆ ದಂತಸಹಾಯಕರನ್ನೂ ಪ್ರತಿವಾದಿಗಳಾಗಿ ನಿಲ್ಲಿಸಿದವು. ದಂತವೈದ್ಯರಲ್ಲದವರು ಹಲ್ಲನ್ನು ಕೊರೆಯುವದೂ ಕೀಳುವದೂ ಆ ಸೀಮೆಯ ಕಾಯಿದೆಗೆ ವಿರೋಧವೆಂಬದು ಅವರ ವಾದ.

ಅರಣ್ಯಕಾಂಡದ ಹನ್ನೊಂದನೆಯ ಅಧ್ಯಾಯದಲ್ಲಿ ಇಂಥದೇ ಒಂದು ಫಿರ್ಯಾದು ಉಂಟು. ಎಪ್ಪತ್ತು ಮಂದಿ ಹಿರಿಯರು ದೇವದರ್ಶನದ ಗುಡಾರದ ಬಳಿಗೆ ಬಂದು ಕ್ರಮವಾಗಿ ಆತ್ಮವನ್ನು ಹೊಂದಿದರು. ಎಲ್ದಾದ್ ಮೇದಾದ್ ಎಂಬ ಇಬ್ಬರಾದರೋ ಗುಡಾರಕ್ಕೆ ಬಾರದೆ ಪಾಳೆಯದಲ್ಲಿಯೇ, ಜನರ ನಡುವೆಯೇ ಇದ್ದುಕೊಂಡು ಪ್ರವಾದಿಸಿದರು. ನೂನನ ಮಗನಾದ ಯೆಹೋಶುವನು ಅವರನ್ನು ತಡೆಯಬೇಕೆಂದು ಮೋಶೆಯನ್ನು ಬೇಡಿದನು. ಯೆಹೋಶುವನು ಕೆಟ್ಟವನಲ್ಲ, ತನ್ನ ಗುರುವಿನ ಗೌರವಕ್ಕೆ ಕುಂದು ಬಂದೀತೆಂದು ಅಂಜಿದನು. ಮೋಶೆಯು ಅವನ ಪ್ರೀತಿಯೊಳಗೆ ಅಡಗಿದ್ದ ಹೊಟ್ಟೆಕಿಚ್ಚನ್ನು ಕಂಡು, ಅದನ್ನು ಹೆಸರು ಹಿಡಿದೇ ಕೇಳಿದನು. ಜನರೆಲ್ಲರೂ ಪ್ರವಾದಿಗಳಾದರೆ ತನಗೆ ಸಂತೋಷವೇ ಎಂದನು. ನಮ್ಮ ಕರ್ತನ ಶಿಷ್ಯನಾದ ಯೋಹಾನನೂ ತಮ್ಮ ಗುಂಪಿಗೆ ಸೇರದೆ ದೆವ್ವಬಿಡಿಸುತ್ತಿದ್ದ ಒಬ್ಬನ ಮೇಲೆ ಇಂಥದೇ ದೂರನ್ನು ತಂದು, ಇಂಥದೇ ಉತ್ತರವನ್ನು ಹೊಂದಿದನು. ಅದನ್ನು ಮಾರ್ಕನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ನೋಡಬಹುದು.

ಆದರೂ ಪ್ರಿಯರೇ, ದಂತವೈದ್ಯರ ಮಾತನ್ನು ಬರೀ ಹೊಟ್ಟೆಕಿಚ್ಚೆಂದು ತಳ್ಳಿಬಿಡುವದು ನ್ಯಾಯವಲ್ಲ. ಅವರ ಮಾತಿನಲ್ಲಿ ಒಂದು ತೂಕದ ಪ್ರಶ್ನೆಯಿದೆ. ಕಿತ್ತ ಹಲ್ಲು ಮತ್ತೆ ಬಾರದು. ಕೀಳುವಾಗ ಬೇರು ಮುರಿಯಬಹುದು, ರಕ್ತ ನಿಲ್ಲದಿರಬಹುದು. ಐಶ್ವರ್ಯವಂತನಿಗೆ ಪೂರ್ಣ ಕಲಿತ ವೈದ್ಯನು, ಬಡವನಿಗೆ ಅರ್ಧ ಕಲಿತವನು, ಇದು ಸರಿಯೋ? ದಾಸನ ಹಲ್ಲು ಯಜಮಾನನ ಹಲ್ಲಿಗಿಂತ ಕಡಿಮೆಯೋ? ನಾವು ಆರಿಸಿಕೊಂಡ ವೇದವಾಕ್ಯವನ್ನೇ ಹಿಡಿದು ಅವರು ನಮ್ಮನ್ನು ಹೀಗೆ ಕೇಳಬಹುದು.

ಇದಕ್ಕೆ ನಮ್ಮ ಉತ್ತರವು ಹೀಗಿದೆ. ಆ ಹಳ್ಳಿಗಳ ಮುಂದಿದ್ದ ಆಯ್ಕೆಯು ಪೂರ್ಣ ವೈದ್ಯನೋ ಅರ್ಧ ವೈದ್ಯನೋ ಎಂಬದಲ್ಲ. ಕಲಿತ ಸಹಾಯಕನೋ ಅಥವಾ ಯಾರೂ ಇಲ್ಲವೋ ಎಂಬದಾಗಿತ್ತು. ಪೂರ್ಣ ವೈದ್ಯರನ್ನು ಕಳುಹಿಸುತ್ತೇವೆಂದು ಹೇಳುವವರು ಕಳುಹಿಸಿದ ದಿನ ಅವರ ಮಾತಿಗೆ ಬಲ ಬರುವದು. ಅದಲ್ಲದೆ ಈ ಸಹಾಯಕನು ಕಲಿತದ್ದು ಅರ್ಧವಲ್ಲ. ಸ್ವಲ್ಪವನ್ನು ಪೂರ್ಣವಾಗಿ ಕಲಿತನು, ಮತ್ತು ತನ್ನ ಮೇರೆ ಎಲ್ಲಿದೆಯೆಂದು ಅರಿತನು. ನಮ್ಮಂಥ ಉಪದೇಶಿಗಳ ಮಾತೂ ಇದೇ ಅಲ್ಲವೇ? ಪಾದ್ರಿಗಳಷ್ಟು ನಾವು ಕಲಿತವರಲ್ಲ. ಕರ್ತನ ಭೋಜನವನ್ನು ನಡಿಸುವದು ನಮಗೆ ಸಲ್ಲದು. ಪಾದ್ರಿಗಳು ಮೂರು ತಿಂಗಳಿಗೊಮ್ಮೆ ಬರುವ ಊರಲ್ಲಿ ಉಳಿದ ಆದಿತ್ಯವಾರಗಳಲ್ಲಿ ವಾಕ್ಯವನ್ನು ಓದಿ, ಸಾಯುವವನ ಮಂಚದ ಬಳಿ ಪ್ರಾರ್ಥಿಸಿ, ಮಕ್ಕಳಿಗೆ ಪಾಠ ಹೇಳುವವರು ಯಾರೆಂದು ನೀವು ಬಲ್ಲಿರಿ. ಪಟ್ಟಾಭಿಷಿಕ್ತರು ಸಾಕಷ್ಟು ಬರುವ ವರೆಗೂ ಹಳ್ಳಿಯವರು ವಾಕ್ಯವಿಲ್ಲದೆ ಕಾಯಲಿ ಎಂದು ನಮ್ಮ ಹಿರಿಯರು ಹೇಳಿದ್ದರೆ, ಈ ಪತ್ರಿಕೆಯನ್ನು ಓದುವವರಲ್ಲಿ ಅನೇಕರ ಅಜ್ಜ ಅಜ್ಜಿಯರು ಯೇಸು ಸ್ವಾಮಿಯ ಹೆಸರನ್ನೇ ಕೇಳುತ್ತಿರಲಿಲ್ಲ.

ಆದರೆ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಸಂತೆಯ ಮೂಲೆಯಲ್ಲಿ ಇಕ್ಕಳ ಹಿಡಿದು ಕೂಡ್ರುವವನು ಎಲ್ದಾದನಲ್ಲ, ಮೇದಾದನೂ ಅಲ್ಲ. ಅವನನ್ನು ಕಲಿಸಿದವರಿಲ್ಲ, ಪರೀಕ್ಷಿಸುವವರಿಲ್ಲ. ಕಠಿಣವಾದದ್ದನ್ನು ಕಳುಹಿಸಲು ಅವನ ಹಿಂದೆ ಮೋಶೆಯೂ ಇಲ್ಲ. ಇತ್ರೋವನ ಕ್ರಮಕ್ಕೆ ಜೀವ ಬಂದದ್ದು ಮೋಶೆಯು ಮೇಲೆ ಕೂತಿದ್ದರಿಂದಲೇ. ಅಲಾಸ್ಕದ ಸಹಾಯಕರ ಮಾತನ್ನು ನೆಪಮಾಡಿ ಯಾರಾದರೂ ಅಂಥವನ ಮುಂದೆ ಬಾಯಿ ತೆರೆದರೆ, ಅವರು ಈ ಲೇಖನವನ್ನು ತಪ್ಪಾಗಿ ಓದಿದವರು.

2007ರಲ್ಲಿ ನ್ಯಾಯಾಧೀಶರು ಸಹಾಯಕರ ಪರವಾಗಿ ತೀರ್ಪು ಕೊಟ್ಟರು. ಮೂಲನಿವಾಸಿಗಳ ಆರೋಗ್ಯದ ವಿಷಯದಲ್ಲಿ ಕೇಂದ್ರ ಸರ್ಕಾರದ ಕಾಯಿದೆಯು ಸೀಮೆಯ ಕಾಯಿದೆಗಿಂತ ಮೇಲಿನದೆಂಬದು ಅದರ ಸಾರ. ಸಂಘದವರು ಮುಂದಕ್ಕೆ ಹೋರಾಡದೆ ರಾಜಿಯಾದರು. ಅದೇ ವರ್ಷ ಅಲಾಸ್ಕದಲ್ಲಿಯೇ ಶಿಕ್ಷಣವು ಆರಂಭವಾಯಿತು. ಮೊದಲನೆಯ ವರ್ಷದ ಪಾಠ ಆಂಕರೇಜ್ ಪಟ್ಟಣದಲ್ಲಿ, ಎರಡನೆಯ ವರ್ಷದ್ದು ಬೇತೇಲಿನಲ್ಲಿ. 2010ರಲ್ಲಿ ಹೊರಗಿನ ಪರೀಕ್ಷಕರು ಅವರ ಕೆಲಸವನ್ನು ಹತ್ತಿರದಿಂದ ನೋಡಿ, ಅವರು ತಮ್ಮ ಮೇರೆಯೊಳಗೆ ಅಪಾಯವಿಲ್ಲದೆ ತಕ್ಕ ರೀತಿಯಲ್ಲಿ ಮಾಡುತ್ತಿದ್ದಾರೆಂದು ವರದಿ ಕೊಟ್ಟರು. ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಆ ನದೀಸೀಮೆಯ 2006ರಿಂದ 2015ರ ವರೆಗಿನ ಲೆಕ್ಕಗಳನ್ನು ಕೂಡಿಸಿ ನೋಡಿದಾಗ, ಸಹಾಯಕರು ಹೆಚ್ಚು ದಿನ ಇದ್ದ ಹಳ್ಳಿಗಳಲ್ಲಿ ಹಲ್ಲನ್ನು ಕಾಪಾಡುವ ಚಿಕಿತ್ಸೆ ಹೆಚ್ಚಾಗಿ, ಹಲ್ಲು ಕೀಳುವದು ಕಡಿಮೆಯಾಗಿತ್ತೆಂದು ಕಂಡರು. ಹುಳುಕು ಆ ಸೀಮೆಯನ್ನು ಬಿಟ್ಟುಹೋಯಿತೆಂದು ಯಾರೂ ಹೇಳುವದಿಲ್ಲ. ಸಿಹಿ ಸೋಡಾ ಇನ್ನೂ ಬರುತ್ತದೆ. ಆದರೆ ಉಳಿಯಬಹುದಾದ ಹಲ್ಲನ್ನು ಉಳಿಸುವ ಕೈ ಈಗ ಊರಲ್ಲಿದೆ. ಅದು ಮಗುವಿನ ಚಿಕ್ಕಮ್ಮನ ಕೈ, ನೆರೆಮನೆಯ ಅಣ್ಣನ ಕೈ; ಮಗುವಿನ ಭಾಷೆಯಲ್ಲಿಯೇ ಅದಕ್ಕೆ ಧೈರ್ಯ ಹೇಳುವ ಬಾಯಿ.

ನಮ್ಮ ನಾಡಿನ ಮಾತು ಬೇರೆ. ಭಾರತದಲ್ಲಿ ಮೊದಲನೆಯ ದಂತವೈದ್ಯಶಾಲೆಯನ್ನು ಡಾಕ್ಟರ್ ರಫೀಉದ್ದೀನ್ ಅಹಮದ್ ಎಂಬವರು 1920ರಲ್ಲಿ ಕಲ್ಕತ್ತೆಯಲ್ಲಿ ತೆರೆದರು. ಬೆಂಗಳೂರಿನಲ್ಲಿ ಸರ್ಕಾರದ ದಂತವೈದ್ಯ ಕಾಲೇಜು 1958ರಲ್ಲಿಯೂ, ಮಣಿಪಾಲದ್ದು 1965ರಲ್ಲಿಯೂ ಹುಟ್ಟಿದವು. ಈಗ ಕರ್ನಾಟಕದಲ್ಲಿ ಇಂಥ ಕಾಲೇಜುಗಳು ನಲವತ್ತರ ಸುಮಾರಿವೆ. ಮೋಶೆಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಅವರೆಲ್ಲರೂ ಒಂದೇ ಗುಡಾರದ ಸುತ್ತ ಕೂತಿದ್ದಾರೆ, ಅಷ್ಟೇ. ಹತ್ತು ಮಂದಿಯ ಮೇಲಿನವನೇ ನಮ್ಮಲ್ಲಿಲ್ಲ. 1948ರ ದಂತವೈದ್ಯರ ಕಾಯಿದೆಯು ದಂತವೈದ್ಯರನ್ನಲ್ಲದೆ ಹಲ್ಲು ಶುಚಿಮಾಡುವವರನ್ನೂ ಕಟ್ಟಿಸುವ ಹಲ್ಲುಗಳನ್ನು ತಯಾರಿಸುವವರನ್ನೂ ಗುರುತಿಸಿತು. ಅಲಾಸ್ಕದಂಥ ಸಹಾಯಕನಿಗೆ ಅದರಲ್ಲಿ ಸ್ಥಳವಿರಲಿಲ್ಲ. 2014ರಲ್ಲಿ ನಮ್ಮ ಸರ್ಕಾರದವರು ದಂತಭಾಗ್ಯವೆಂಬ ಯೋಜನೆಯಿಂದ ಹಲ್ಲೆಲ್ಲಾ ಉದುರಿದ ಬಡ ವೃದ್ಧರಿಗೆ ಧರ್ಮಾರ್ಥವಾಗಿ ಹಲ್ಲಿನ ಸೆಟ್ಟನ್ನು ಕಟ್ಟಿಸಿಕೊಡಲು ಮುಂದಾದರು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುತ್ತಿದ್ದ ಅಜ್ಜಿಗೆ ಅದು ಸಣ್ಣ ಉಪಕಾರವಲ್ಲ. ಆದರೆ ಮೂವತ್ತೆರಡೂ ಉದುರಿದ ಮೇಲೆ ಕೊಡುವದಕ್ಕಿಂತ ಮೊದಲನೆಯದು ನೋಯುವಾಗಲೇ ನೋಡುವದು ಅಗ್ಗವೂ ಕರುಣೆಯೂ ಆಗಿದೆ.

ಹಲ್ಲೊಂದೇ ಅಲ್ಲ, ಬಾಯನ್ನು ಆಗಾಗ ನೋಡುವವರು ಊರಲ್ಲಿದ್ದರೆ ಇನ್ನೊಂದು ಕೇಡೂ ಬೇಗನೆ ಕಣ್ಣಿಗೆ ಬೀಳುವದು. ಎಲೆ ಅಡಿಕೆಯನ್ನು ಮೆಲ್ಲುವದು ನಮ್ಮ ಕ್ರೈಸ್ತ ಮನೆಗಳಲ್ಲಿಯೂ ಮರ್ಯಾದೆಯ ಗುರುತಾಗಿ ಉಳಿದಿದೆ. ಹೊಗೆಸೊಪ್ಪು ಬೇಡ, ಬರೀ ಅಡಿಕೆಯಾದರೆ ಚಿಂತೆಯಿಲ್ಲವೆಂದು ಹೇಳುವವರು ತಿಳಿಯಲಿ: ಹೊಗೆಸೊಪ್ಪಿಲ್ಲದ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ಲೋಕದ ಕ್ಯಾನ್ಸರ್ ಸಂಶೋಧಕರ ಸಂಸ್ಥೆಯು 2004ರಲ್ಲಿ ಪ್ರಕಟಿಸಿತು. ಬಾಯೊಳಗೆ ಬಿಳಿಯ ಇಲ್ಲವೆ ಕೆಂಪು ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು, ದಿನದಿನಕ್ಕೆ ಬಾಯಿ ಅಗಲವಾಗಿ ತೆರೆಯಲಾಗದಿರುವದು, ಇವುಗಳನ್ನು ಕಂಡವರು ಲವಂಗವನ್ನು ಹುಡುಕದೆ ಆಸ್ಪತ್ರೆಗೆ ಹೋಗಬೇಕು.

ಕಾಯಿದೆಗಳನ್ನು ಮಾಡುವದು ನಮ್ಮ ಕೈಯಲ್ಲಿಲ್ಲ. ಸಭೆಯ ಕೈಯಲ್ಲಿರುವದು ಇಷ್ಟು. ದಂತವೈದ್ಯ ಕಾಲೇಜುಗಳಲ್ಲಿ ಸಮುದಾಯ ದಂತಾರೋಗ್ಯವೆಂಬ ಒಂದು ವಿಭಾಗವುಂಟು. ಹಳ್ಳಿಗಳಿಗೆ ಬಂದು ಬಾಯಿ ಪರೀಕ್ಷಿಸುವದು ಆ ವಿಭಾಗದ ಕೆಲಸದಲ್ಲಿಯೇ ಸೇರಿದೆ. ಯಾರೂ ಕರೆಯದ ಊರಿಗೆ ಅವರು ಬರುವದು ಹೇಗೆ? ಸಭೆಯ ಹಿರಿಯರು ಗ್ರಾಮ ಪಂಚಾಯತಿಯವರನ್ನೂ ಶಾಲೆಯ ಮುಖ್ಯೋಪಾಧ್ಯಾಯರನ್ನೂ ಆಶಾ ಕಾರ್ಯಕರ್ತೆಯನ್ನೂ ಕೂಡಿಸಿಕೊಂಡು ಹತ್ತಿರದ ಕಾಲೇಜಿಗೆ ಒಂದು ಪತ್ರ ಬರೆಯಲಿ. ಆರಾಧನಾಮಂದಿರದ ಮುಂದಿನ ಚಪ್ಪರವನ್ನು ಆ ದಿನಕ್ಕೆ ಬಿಟ್ಟುಕೊಡಲಿ. ಪತ್ರದ ಸಂಗಡ ನೋವಿರುವವರ ಪಟ್ಟಿಯೊಂದನ್ನು ಮಾಡಬೇಕಾಗುವದು. ಅದನ್ನು ಬರೆಯುವಾಗ ಮಂದಿರದ ಮುಂದಿನ ಸಾಲಿನಲ್ಲಿ ಕೂಡ್ರುವವರಿಂದ ಆರಂಭಿಸಬೇಡಿರಿ; ಕೇರಿಯ ಕಡೆಯ ಮನೆಯಿಂದ ಆರಂಭಿಸಿರಿ, ಮತ್ತು ಆ ಮನೆಯವರು ನಮ್ಮ ಸಭೆಗೆ ಸೇರಿದವರೋ ಅಲ್ಲವೋ ಎಂದು ಕೇಳಬೇಡಿರಿ. ನೋವಿಲ್ಲವೆಂದು ಹೇಳುವ ಹೆಂಗಸರನ್ನು ಎರಡನೆಯ ಸಾರಿ ಕೇಳಿರಿ. ಕಾಲೇಜಿಗೇ ಹೋಗಬೇಕೆಂದು ವೈದ್ಯರು ಚೀಟಿ ಬರೆದುಕೊಟ್ಟವರಿಗೆ ಬಸ್ಸಿನ ಹಣವನ್ನೂ, ಆ ದಿನದ ಕೂಲಿ ಹೋಗುವದೆಂದು ಹಿಂಜರಿಯುವವರಿಗೆ ಆ ಕೂಲಿಯನ್ನೂ ಬಡವರ ಪೆಟ್ಟಿಗೆಯಿಂದ ತೆಗೆದುಕೊಡಬಹುದು. ಓದಬಲ್ಲ ಯೌವನಸ್ಥನೊಬ್ಬನು ಅವರ ಸಂಗಡ ಹೋಗಿ, ಚೀಟಿಯನ್ನು ತೋರಿಸಿ, ಸಾಲಿನಲ್ಲಿ ನಿಂತು, ಅವರನ್ನು ಸಾಯಂಕಾಲದ ಬಸ್ಸಿಗೆ ಮನೆಗೆ ಕರತರಲಿ.